ಲಾಂಡ್ರಿ ಅಕ್ಕನ ಇಪ್ಪತ್ತೆರಡು ಬಳ್ಳಿ

ಬೀದಿಗೆಲ್ಲ ಅವಳು ಲಾಂಡ್ರಿ ಅಕ್ಕ, ಅವನು ಅಂಚೆಯಣ್ಣ. ಈ ಅಕ್ಕನೂ ಅಣ್ಣನೂ ಗಂಡ ಹೆಂಡತಿಯಾಗಿ ಮೂವತ್ತೈದು ವರ್ಷ ಒಂದೇ ಸೂರಿನಡಿ ಸಂಸಾರ ಮಾಡಿದ್ದು ಬೀದಿಯಲ್ಲಿ ಯಾರಿಗೂ ವಿಚಿತ್ರವೆನಿಸಿರಲಿಲ್ಲ. ಅವಳು ದೊಡ್ಡ ಹೋಟೆಲೊಂದರ ನೆಲಮಾಳಿಗೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ಬಟ್ಟೆ ಒಗೆದಿದ್ದಳು. ಅವನು ಅದೇ ಬಡಾವಣೆಯಲ್ಲಿ ಅಷ್ಟೇ ವರ್ಷ ಕಾಗದ ಹಂಚಿದ್ದ. ಇಬ್ಬರೂ ಒಂದೇ ವರ್ಷ ನಿವೃತ್ತರಾದರು. ಅವನು ಕುರ್ಚಿ ಹಿಡಿದ. ಅವಳು ಗುದ್ದಲಿ ಹಿಡಿದಳು.

ವೈನು ಎಂಬ ವಸ್ತು ಅಕ್ಕನಿಗೆ ಮೊದಲು ಪರಿಚಯವಾದದ್ದು ಕಲೆಯಾಗಿ. ಊಟದ ಕೋಣೆಯಿಂದ ಬಿಳಿ ಮೇಜುವಸ್ತ್ರಗಳು ರಾಶಿ ರಾಶಿಯಾಗಿ ಕೆಳಗೆ ಬರುತ್ತಿದ್ದವು. ಎಣ್ಣೆಯ ಕಲೆ, ತುಟಿರಂಗಿನ ಕಲೆ, ಚಾಕೊಲೇಟಿನ ಕಲೆ ಎಲ್ಲವೂ ಅವಳ ಕೈಗೆ ಶರಣಾಗುತ್ತಿದ್ದವು. ಕೆಂಪು ವೈನು ಮಾತ್ರ ಮಹಾ ಹಟಮಾರಿ. ಉಪ್ಪು ಸುರಿದು, ತಣ್ಣೀರಲ್ಲಿ ನೆನೆಸಿ, ಉಜ್ಜಿ, ಬೈದು, ಮತ್ತೆ ನೆನೆಸಿ ಕಡೆಗೂ ಅದನ್ನು ಬಿಡಿಸುತ್ತಿದ್ದಳು. ಅಂಚು ನೀಲಿ ತಿರುಗಿದ್ದರೆ ಹೊಸ ವೈನು, ಇಟ್ಟಿಗೆ ಬಣ್ಣವಿದ್ದರೆ ಹಳೆಯದು ಎಂದು ಕಲೆ ನೋಡಿಯೇ ಹೇಳುವಷ್ಟು ಪಳಗಿದ್ದಳು. ಕುಡಿದದ್ದು ಮಾತ್ರ ಒಮ್ಮೆಯೂ ಇಲ್ಲ. ಕೆಲಸದ ಕೊನೆಯ ದಿನ ಊಟದ ಕೋಣೆಯ ಮೇಲ್ವಿಚಾರಕ ಬಾಟಲಿಯ ತಳದಲ್ಲಿದ್ದ ಎರಡು ಗುಟುಕನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟ. ಅವಳು ಕುಡಿದು, ನಾಲಿಗೆ ಚಪ್ಪರಿಸಿ, "ಅದಕ್ಕೇ ಇದು ಬಟ್ಟೇನ ಬಿಡ್ತಾ ಇರ್ಲಿಲ್ಲ," ಎಂದಳು.

ಹೋಟೆಲಿಗೆ ವೈನು ತರುತ್ತಿದ್ದ ಲಾರಿ ಡ್ರೈವರು ತನ್ನ ಅಂಗಿಯ ಕಲೆಗಳನ್ನು ಅವಳಿಂದ ಎಷ್ಟೋ ಸಲ ಬಿಟ್ಟಿ ತೆಗೆಸಿಕೊಂಡಿದ್ದ. ನಿವೃತ್ತಿಯ ಉಡುಗೊರೆಯೆಂದು ಅವನು ಇಪ್ಪತ್ತೈದು ದ್ರಾಕ್ಷಿ ಸಸಿಗಳ ಕಟ್ಟು ತಂದುಕೊಟ್ಟ. ತಿನ್ನುವ ದ್ರಾಕ್ಷಿಯಲ್ಲ, ವೈನಿನ ದ್ರಾಕ್ಷಿ. ಹಣ್ಣು ಸಣ್ಣದು, ಸಿಪ್ಪೆ ದಪ್ಪ, ಒಳಗೆಲ್ಲ ಬೀಜ. ಮೂರು ಸಸಿ ಸತ್ತವು, ಇಪ್ಪತ್ತೆರಡು ಬದುಕಿದವು. ಅಕ್ಕ ಹಿತ್ತಲಿನ ಒಂದು ಬದಿಗೆ ಕಂಬ ನೆಟ್ಟು, ತಂತಿ ಎಳೆದು, ಗ್ರಂಥಾಲಯದಿಂದ ಎರಡು ಪುಸ್ತಕ ತಂದು ಓದಿ, ಬಳ್ಳಿಗಳನ್ನು ಮೇಲಕ್ಕೆ ಹಬ್ಬಿಸಿದಳು. ಮೊದಲೆರಡು ವರ್ಷ ಒಂದು ಹಣ್ಣೂ ಬಿಡಲಿಲ್ಲ. ಬಿಡುವುದಿಲ್ಲ ಎಂದು ಪುಸ್ತಕವೂ ಹೇಳಿತ್ತು. ಮನೆಯವರು ಪುಸ್ತಕ ಓದಿರಲಿಲ್ಲ.

ಮೂರನೆಯ ವರ್ಷ ಬಳ್ಳಿ ಹೂ ಬಿಟ್ಟ ವಾರವೇ ಜಗಳ ಶುರುವಾಯಿತು.

ಮಗ ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದ. ಒಂದು ಕಾರಿತ್ತು, ಎರಡನೆಯದು ಆಗಷ್ಟೇ ಬಂದಿತ್ತು. ಎರಡನ್ನೂ ರಸ್ತೆಯಲ್ಲಿ ನಿಲ್ಲಿಸಬೇಕು. ಕಲಿಯುವವರು ಗೀರುವುದು ಸಾಲದೆಂದು ನಿಲ್ಲಿಸಿದಲ್ಲಿಯೂ ಯಾರಾದರೂ ಗೀರಿಕೊಂಡು ಹೋಗುತ್ತಿದ್ದರು. ಅವನು ಕೆಟ್ಟವನಲ್ಲ. ಬೆಳಗಿನಿಂದ ಸಂಜೆವರೆಗೆ ಪರರ ಕೈಯಲ್ಲಿ ಸ್ಟಿಯರಿಂಗು, ತನ್ನ ಕಾಲಡಿಯಲ್ಲಿ ಬ್ರೇಕು. ಅಂಥವನಿಗೆ ಮನೆಗೆ ಬಂದಮೇಲೂ ಸಮಾಧಾನ ಎಲ್ಲಿಂದ ಬರಬೇಕು.

"ಅಮ್ಮ, ಮತ್ತೆ ಕನ್ನಡಿ ಒಡ್ದಿದಾರೆ," ಎಂದ ಊಟಕ್ಕೆ ಕೂತು. "ಹಿತ್ತಲಿಗೆ ಪಕ್ಕದಿಂದ ದಾರಿ ಇದೆ. ಒಂದು ಶೆಡ್ಡು ಹಾಕಿದ್ರೆ ಎರಡು ಕಾರೂ ಒಳಗೆ ನಿಲ್ಲುತ್ವೆ."

"ಹಿತ್ತಲಲ್ಲಿ ಬಳ್ಳಿ ಇದೆಯಲ್ಲಪ್ಪ."

"ಬಳ್ಳಿ ಇದೆ. ಹಣ್ಣೆಲ್ಲಿದೆ?"

"ಹೂ ಬಿಟ್ಟಿದೆ, ಹೋಗಿ ನೋಡು."

"ಮೂರು ವರ್ಷದಿಂದ ನೋಡ್ತಾನೇ ಇದೀನಿ. ಇದು ನಿನ್ನ ಹವ್ಯಾಸ, ನಿಜ. ಅದು ನನ್ನ ಹೊಟ್ಟೆಪಾಡು."

ಸೊಸೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಇಬ್ಬರ ಮುಖವನ್ನೂ ನೋಡಿ ಬೇಯಿಸಿದ ಆಲೂಗಡ್ಡೆಯ ತಟ್ಟೆಯನ್ನು ಮಧ್ಯಕ್ಕೆ ಸರಿಸಿದಳು. ಅಂಚೆಯಣ್ಣ ಉಪ್ಪು ಕೇಳಿದ. ಮನೆ ಕಾಗದದಲ್ಲಿ ಅವನ ಹೆಸರಿನಲ್ಲಿತ್ತು, ಆದರೆ ಅವನು ಯಾವತ್ತೂ ಅಡ್ಡಗೋಡೆಯ ಮೇಲೆ ದೀಪ ಇಟ್ಟವನೇ. ಮೂಲೆಯ ಕುರ್ಚಿಯಿಂದ ಅವನ ತಾಯಿ, ಎಂಬತ್ತೈದರ ಅಜ್ಜಿ, ಕಣ್ಣು ಮಂಜಾದರೂ ಬಾಯಿ ಮಂಜಾಗದವಳು, ನಡುವೆ ಬಾಯಿ ಹಾಕಿದಳು. "ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಇವಳು ಹಿತ್ತಲಲ್ಲೇ ಹೆಂಡ ಬೆಳೀತೀನಿ ಅಂತಾಳೆ."

"ಹೆಂಡ ಅಲ್ಲ ಅತ್ತೆ, ವೈನು."

"ಕುಡಿದು ಬಿದ್ದವನಿಗೆ ಎರಡೂ ಒಂದೇ."

ಮಗ ನಕ್ಕ. ಆ ನಗು ಅಕ್ಕನಿಗೆ ಚುಚ್ಚಿತು. ಬೇರೇನು ಹೇಳಿದ್ದರೂ ತಡೆದುಕೊಳ್ಳುತ್ತಿದ್ದಳೇನೋ.

"ಈ ವರ್ಷ ಹಣ್ಣು ಬರುತ್ತೆ. ವೈನೂ ಆಗುತ್ತೆ. ಇದೇ ಮೇಜಿನ ಮೇಲೆ ಬಾಟಲಿ ಇಡ್ತೀನಿ," ಎಂದಳು.

"ಇಡದಿದ್ರೆ?"

"ಇಡದಿದ್ರೆ ಕಂಬ ಕಿತ್ತು ನಿನ್ನ ಶೆಡ್ಡು ಹಾಕ್ಕೋ. ನಾನು ತುಟಿ ಪಿಟಕ್ ಅನ್ನಲ್ಲ."

"ಎಲ್ಲರೂ ಕೇಳಿಸ್ಕೊಂಡ್ರಾ? ಅಮ್ಮನೇ ಹೇಳಿದ್ದು. ಬಾಟಲಿ ಬಂದ್ರೆ ನಾನು ಇನ್ನೆಂದೂ ಶೆಡ್ಡಿನ ಮಾತೆತ್ತಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಟ್ಟೆ ತೊಳೆಯುವಾಗಲೇ ಅಕ್ಕನಿಗೆ ತಾನು ಏನೋ ಎಡವಟ್ಟು ಮಾಡಿಕೊಂಡೆ ಅನ್ನಿಸಿತು. ಏನೆಂದು ಹೊಳೆಯಲಿಲ್ಲ.

ಹೂ ಉದುರಿ ಕಾಯಿ ಕಚ್ಚಿತು. ಕಾಯಿ ಬಟಾಣಿಯಷ್ಟಾದಾಗ ಅಕ್ಕ ಕತ್ತರಿ ಹಿಡಿದು ಹಿತ್ತಲಿಗಿಳಿದು ಗೊಂಚಲುಗಳಲ್ಲಿ ಅರ್ಧಕ್ಕರ್ಧವನ್ನು ಕತ್ತರಿಸಿ ನೆಲಕ್ಕೆ ಹಾಕತೊಡಗಿದಳು. ಬಿಸಿಲು ಕಾಯುತ್ತ ಕೂತಿದ್ದ ಅಜ್ಜಿಗೆ ಕಾಣದಿದ್ದರೂ ಕತ್ತರಿಯ ಸದ್ದು ಕೇಳಿಸಿತು.

"ಏನೇ ಅದು ಕಚಕಚ?"

"ಗೊಂಚಲು ಕಡಿಮೆ ಮಾಡ್ತಿದೀನಿ ಅತ್ತೆ."

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋರನ್ನ ನೋಡಿದ್ದೆ. ಹುಟ್ಟಿದ ಕೂಸನ್ನ ಹೊರಗೆ ಎಸೆಯೋಳನ್ನ ಈಗ ನೋಡ್ದೆ."

ಮಗ ಹಲ್ಲುಜ್ಜುತ್ತ ಹಿಂಬಾಗಿಲಿಗೆ ಬಂದವನು ಬ್ರಷ್ಷನ್ನು ಬಾಯಿಂದ ತೆಗೆದ. "ಅಮ್ಮ, ಪಂದ್ಯ ಗೆಲ್ಲೋಕೆ ಅರ್ಧ ಬೆಳೆ ಕಸಕ್ಕೆ ಹಾಕ್ತಾರಾ? ನನ್ನ ಕೆಲಸ ನೀನೇ ಮಾಡ್ತಿದೀಯಲ್ಲ!"

"ಒಂದು ಲೋಟ ಹಾಲನ್ನ ಹತ್ತು ಮಕ್ಕಳಿಗೆ ಹಂಚಬೇಕಂದ್ರೆ ನೀರು ಬೆರೆಸ್ಬೇಕು. ಐದೇ ಇದ್ರೆ ಹಾಲು ಹಾಲಾಗೇ ಇರುತ್ತೆ. ಬಾಯಿ ಮುಕ್ಕಳಿಸ್ಕೋ ಹೋಗು."

ಸೊಸೆಯ ತವರಿನಿಂದ ಫೋನು ಬಂತು. ಸೊಸೆ ಅಡುಗೆಮನೆಯಲ್ಲಿ ಪಿಸುಗುಟ್ಟಿ ಮಾತಾಡಿ ಮುಗಿಸಿದಳು. ಅಕ್ಕ ಬೀನ್ಸು ಮುರಿಯುತ್ತ, "ಏನಂತಾರೆ ನಿಮ್ಮಮ್ಮ?" ಎಂದು ಕೇಳಿದಳು.

"ಏನಿಲ್ಲ ಅತ್ತೆ."

"ಏನಿಲ್ಲ ಅನ್ನೋಕೆ ಅರ್ಧ ಗಂಟೆ ಹಿಡೀತಾ?"

ಸೊಸೆ ನಗು ತಡೆಯಲಾರದೆ ಹೇಳಿಬಿಟ್ಟಳು. "ನಿಮ್ಮತ್ತೆ ಮನೇಲಿ ಹಂಡೆಗಟ್ಟಲೆ ಸಾರಾಯಿ ಕಾಯಿಸಿ ಮಾರ್ತಾರಂತೆ, ಹೌದಾ ಅಂದ್ರು."

"ಹಂಡೆ ಇನ್ನೂ ಕೊಂಡಿಲ್ಲ, ಕೊಂಡಾಗ ಹೇಳಿ ಕಳಿಸ್ತೀನಿ ಅನ್ನು."

ಹಕ್ಕಿಗಳ ಕಾಟಕ್ಕೆ ಬಲೆ ಬೇಕಿತ್ತು. ಹೋಟೆಲಿನವರು ಹಳೆಯ ಕಿಟಕಿಪರದೆಗಳನ್ನು ಎಸೆಯಲು ಕಟ್ಟಿಟ್ಟದ್ದನ್ನು ಅಕ್ಕ ಕೇಳಿ ತಂದಳು. ಬಿಳಿ ಜಾಲರಿ ಬಟ್ಟೆ, ಅಂಚಿಗೆಲ್ಲ ಕಸೂತಿ. ಒಂದಕ್ಕೊಂದು ಹೊಲಿದು ಬಳ್ಳಿಗಳ ಮೇಲೆ ಹೊದಿಸಿದಳು. ಅಂಚೆಯಣ್ಣ ಮೂರು ದಿನ ಸೂಜಿಗೆ ದಾರ ಪೋಣಿಸಿಕೊಟ್ಟ. ಪಕ್ಕದ ಮನೆಯ ದರ್ಜಿ ಗೋಡೆಯ ಮೇಲಿಂದ ಇಣುಕಿ, "ಏನಕ್ಕ, ಬಿಳಿ ಮುಸುಕು ಹಾಕಿ ಇಪ್ಪತ್ತೆರಡು ಮದುವಣಗಿತ್ತಿಯರನ್ನ ಸಾಲಾಗಿ ನಿಲ್ಲಿಸಿದೀರಲ್ಲ, ಗಂಡುಗಳೆಲ್ಲಿ?" ಎಂದ.

"ಅವರ ಸೂಟು ಹೊಲಿಯೋನು ನೀನು ಅಂದಿದ್ದಕ್ಕೆ ಓಡಿಹೋದ್ರು," ಎಂದಳು ಅಕ್ಕ.

ಕೆಲವು ವಾರಗಳಲ್ಲಿ ಕಾಯಿಗಳು ಬಣ್ಣ ತಿರುಗಿದವು. ಮೊದಲು ಗೊಂಚಲಿಗೆ ಒಂದೆರಡು ಕಾಳು ನೇರಳೆ, ಆಮೇಲೆ ನೋಡನೋಡುತ್ತಲೇ ಎಲ್ಲವೂ ಕಪ್ಪು. ಮನೆಯವರೆಲ್ಲ ಒಬ್ಬೊಬ್ಬರಾಗಿ ಪರದೆ ಎತ್ತಿ ನೋಡಿದರು. ಮಗನೂ ನೋಡಿದ. ಆ ದಿನ ಅಕ್ಕ ಊಟದ ಹೊತ್ತಿಗೆ ಎಲ್ಲರಿಗೂ ಕೇಳುವಂತೆ ಹೇಳಿದಳು. "ಬಣ್ಣ ಬಂದ ಮಾತ್ರಕ್ಕೆ ಹಣ್ಣಲ್ಲ. ಇನ್ನೂ ಐದು ವಾರ ಬೇಕು. ಬೀಜ ಕಂದು ಬಣ್ಣಕ್ಕೆ ಬಂದು, ಕಚ್ಚಿದ್ರೆ ಕಟುಂ ಅನ್ನಬೇಕು. ಅಲ್ಲೀವರೆಗೆ ಒಳಗೆ ಬರೀ ಹುಳಿ. ಯಾರೂ ಮುಟ್ಟಬೇಡಿ."

ಅಂಚೆಯಣ್ಣ ಮೊಟ್ಟೆಯ ಸಿಪ್ಪೆ ಸುಲಿಯುತ್ತ "ಹೂಂ" ಎಂದ. ಅವನ ಹೂಂ ಎಂಬುದಕ್ಕೆ ಎಷ್ಟು ಬೆಲೆಯೆಂದು ಮೂವತ್ತೈದು ವರ್ಷ ಜೊತೆಗಿದ್ದವಳಿಗೆ ಗೊತ್ತಿರಬೇಕಿತ್ತು.

ಮುಂದಿನ ವಾರ ಹೋಟೆಲಿನಿಂದ ಕರೆ ಬಂತು. ಹೊಸ ಯಂತ್ರ ಬಂದಿದೆ, ಹೊಸ ಹುಡುಗಿಯರು ಬಂದಿದ್ದಾರೆ, ಯಂತ್ರಕ್ಕೆ ಹುಡುಗಿಯರು ಹೆದರುತ್ತಾರೆ, ಹುಡುಗಿಯರಿಗೆ ಬಟ್ಟೆ ಹೆದರುತ್ತೆ, ಒಂದು ವಾರ ಹಗಲು ಬಂದು ಹೇಳಿಕೊಡಿ ಅಕ್ಕ ಎಂದು ಲಾಂಡ್ರಿಯ ಮೇಲ್ವಿಚಾರಕ ಗೋಗರೆದ. ಅಕ್ಕ ಒಪ್ಪಿದಳು. ತನ್ನ ಕೆಲಸ ಗೊತ್ತಿರುವವಳೆಂದು ಕರೆದರೆ ಯಾರಿಗೆ ಹಿಗ್ಗಾಗುವುದಿಲ್ಲ.

ನಾಲ್ಕನೆಯ ದಿನ ಸಂಜೆ ಬಸ್ಸಿಳಿದು ಬೀದಿಯ ತಿರುವಿಗೆ ಬಂದಾಗ ಕ್ಷೌರದಂಗಡಿಯವನು ಬಾಗಿಲಲ್ಲಿ ನಿಂತು ಮುಖ ಕಿವುಚುತ್ತಿದ್ದ.

"ಅಕ್ಕ, ತಲುಪ್ತು."

"ಏನು ತಲುಪ್ತು?"

"ದ್ರಾಕ್ಷಿ! ಕೈಗೆಟುಕದ ದ್ರಾಕ್ಷಿ ಹುಳಿ ಅಂತಾರೆ. ಇದು ಬಾಗಿಲಿಗೇ ಬಂದ್ರೂ ಹುಳಿ ಕಣಕ್ಕ. ಹಲ್ಲೆಲ್ಲ ಜುಂ ಅಂತಿದೆ."

 ಮುಂದಿನ ಮನೆಯ ನಿವೃತ್ತ ಶಾಲಾ ಮೇಡಂ ಗೇಟಿನಲ್ಲೇ ತಡೆದರು. "ನೆನಪಿಟ್ಟು ಕಳಿಸಿದ್ರಲ್ಲ, ಸಂತೋಷ. ನನಗೆ ಹುಳಿ ಆಗಲ್ಲ, ಆದ್ರೂ ಎರಡು ತಿಂದೆ." ಅದರ ಮುಂದಿನ ಮನೆಯ ಮೆಟ್ಟಿಲ ಮೇಲೆ ಉಗಿದ ಸಿಪ್ಪೆಗಳು ಬಿದ್ದಿದ್ದವು. ಅಕ್ಕ ನಡೆಯಲಿಲ್ಲ, ಓಡಿದಳು.

ಹಿತ್ತಲಲ್ಲಿ ಪರದೆಗಳನ್ನು ನೀಟಾಗಿ ಮಡಿಸಿ ಇಟ್ಟಿತ್ತು. ಬಳ್ಳಿಗಳಲ್ಲಿ ಎಲೆ ಬಿಟ್ಟರೆ ಏನೂ ಇರಲಿಲ್ಲ. ಅಂಚೆಯಣ್ಣ ತನ್ನ ಹಳೆಯ ಟಪಾಲು ಚೀಲವನ್ನು ಹೆಗಲಿಂದ ಇಳಿಸುತ್ತಿದ್ದ. ಕೆಲಸದಲ್ಲಿದ್ದಾಗಿನ ಕಳೆ ಮುಖಕ್ಕೆ ಮರಳಿ ಬಂದಿತ್ತು.

"ಬಂದೆಯಾ! ಕೂತ್ಕೋ, ಕೂತ್ಕೋ. ಬೆಳಿಗ್ಗೆ ನೋಡ್ತೀನಿ, ಪರದೆ ಒಳಗೆ ಎರಡು ಹಕ್ಕಿ ನುಗ್ಗಿವೆ. ಇನ್ನು ತಡ ಮಾಡಿದ್ರೆ ನಿನ್ನ ಶ್ರಮವೆಲ್ಲ ಹಕ್ಕಿ ಪಾಲು ಅಂತ ಎಲ್ಲಾ ಕಿತ್ತೆ. ಒಬ್ಬನೇ ಕಿತ್ತೆ ಕಣೇ! ನಿನ್ನ ವೈನಿಗೆ ಎರಡು ಬಕೆಟ್ ತೆಗೆದಿಟ್ಟಿದೀನಿ. ಉಳಿದದ್ದನ್ನ ಮನೆಗೆರಡು ಗೊಂಚಲಿನ ಹಾಗೆ ಹಂಚಿದೆ. ಎಪ್ಪತ್ನಾಲ್ಕು ಮನೆ! ಒಂದು ಬಾಗಿಲು ತಪ್ಪಿಲ್ಲ. ಬಂದದ್ದನ್ನ ಅದೇ ದಿನ ಹಂಚಬೇಕು, ಅದು ನನ್ನ ನೇಮ."

"ನಾನು ಏನು ಹೇಳಿದ್ದೆ?"

"ಏನು ಹೇಳಿದ್ದೆ?"

"ಐದು ವಾರ ಅಂತ ಹೇಳಿದ್ದೆನೋ ಇಲ್ವೋ?"

ಅಂಚೆಯಣ್ಣನ ಮುಖದ ಕಳೆ ಮೆಲ್ಲಗೆ ಇಳಿಯಿತು. "ಕಪ್ಪಗಿತ್ತಲ್ಲ," ಎಂದ.

ಅಕ್ಕ ಬಕೆಟ್ಟಿನಿಂದ ಒಂದು ಕಾಳು ತೆಗೆದು ಕಚ್ಚಿ, ಬೀಜವನ್ನು ಅಂಗೈಗೆ ಉಗಿದಳು. ಹಸಿರು. ಇನ್ನೊಂದನ್ನು ಕಚ್ಚಿದಳು. ಅದೂ ಹಸಿರು. ಒಗೆಯುವ ಕಲ್ಲಿನ ಮೇಲೆ ಕೂತು ಗಟ್ಟಿಯಾಗಿ ಅತ್ತಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬ ದುಃಖ, ಅದಕ್ಕಿಂತ ಹೆಚ್ಚಾಗಿ ಈ ಮುದುಕನನ್ನು ಬೈಯಲೂ ಆಗದೆ ಬಿಡಲೂ ಆಗದೆ ಒದ್ದಾಡುವ ಸಂಕಟ. ಆಮೇಲೆ ಬೈಯಲು ಆಗುತ್ತದೆಂದು ತಿಳಿದು ಮನಸಾರೆ ಬೈದಳು. "ಮೂವತ್ತೊಂದು ವರ್ಷ ಪರರ ಕಾಗದ ಹಂಚಿದ್ದು ಸಾಲ್ದು ಅಂತ ಹೆಂಡತಿ ಹೊಟ್ಟೆ ಉರೀನೂ ಮನೆಮನೆಗೆ ಹಂಚಿದ್ರಲ್ಲ! ಒಂದು ಮಾತು ಕೇಳಬಾರ್ದಿತ್ತಾ? ಫೋನು ಇರ್ಲಿಲ್ವಾ?"

"ಆಶ್ಚರ್ಯ ಆಗ್ಲಿ ನಿನಗೆ ಅಂತ..."

"ಆಯ್ತು! ಬಹಳ ಆಯ್ತು!"

ಆ ರಾತ್ರಿ ಊಟಕ್ಕೆ ಸೂಪು, ಬ್ರೆಡ್ಡು. ಮಾಡಿದವಳು ಸೊಸೆ.  ಮಗ ಬ್ರೆಡ್ಡು ಮುರಿಯುತ್ತ ತಲೆ ಎತ್ತದೆಯೇ ಹೇಳಿದ. "ಅಪ್ಪ ಮಾಡಿದ್ದು ತಪ್ಪೇ. ನನಗೂ ಬೇಜಾರಾಯ್ತಮ್ಮ, ನಿಜವಾಗ್ಲೂ. ಆದ್ರೆ ಮಾತು ಮಾತೇ ಅಲ್ವಾ? ಭಾನುವಾರ ಕಂಬ ಕೀಳೋಕೆ ಇಬ್ಬರನ್ನ ಕರೆಸ್ತೀನಿ."

 ಅಂಚೆಯಣ್ಣ ಸೂಪು ಮುಗಿಸದೆ ಎದ್ದ. ಅಜ್ಜಿ ಮಾತ್ರ, "ಎರಡು ಗೊಂಚಲು ನನಗೂ ಕೊಟ್ಟಿದ್ದ. ಹಲ್ಲಿಲ್ಲದವಳಿಗೆ ಹುಳಿ ಏನು ಮಾಡುತ್ತೆ, ಚೆನ್ನಾಗಿತ್ತು," ಎಂದಳು.

ಮರುದಿನ ಬೆಳಿಗ್ಗೆ ಅಡುಗೆಮನೆಗೆ ಬಂದಾಗ ಕಟ್ಟೆಯ ಮೇಲೆ ಐದು ಕಿಲೋ ಸಕ್ಕರೆಯ ಮೂಟೆಯಿತ್ತು. ಸೊಸೆ ಅಂಗಡಿಗೆ ಹೊರಟವಳು ಬಾಗಿಲ ಬಳಿ ನಿಂತಿದ್ದಳು.

"ಇದೇನಮ್ಮ?"

"ಅತ್ತೆ, ಎರಡು ಬಕೆಟ್ ಇದೆಯಲ್ಲ. ಸಕ್ಕರೆ ಹಾಕಿದ್ರೆ ಹುಳಿ ಮುಚ್ಚಿಹೋಗುತ್ತೆ, ವೈನೂ ಆಗುತ್ತೆ. ನಾನು ಕೇಳಿ ತಿಳ್ಕೊಂಡೆ, ಎಷ್ಟೋ ಜನ ಹಾಕ್ತಾರಂತೆ. ಬಾಟಲಿ ತುಂಬಿ ಮೇಜಿನ ಮೇಲಿಡಿ. ಇವರಿಗೆ ಎಲ್ಲಿ ಗೊತ್ತಾಗುತ್ತೆ?"

ಅಕ್ಕ ಸೊಸೆಯ ಮುಖವನ್ನು ಹೊಸದಾಗಿ ನೋಡುವವಳಂತೆ ನೋಡಿದಳು. "ಶೆಡ್ಡು ನಿನಗೂ ಬೇಕು ಅಂದ್ಕೊಂಡಿದ್ದೆ."

"ಬೇಕು. ಆದ್ರೆ ಹೀಗಲ್ಲ."

ಅಕ್ಕನ ಕಣ್ಣು ತುಂಬಿತು. ಸಕ್ಕರೆಯ ಮೂಟೆಯನ್ನು ಎತ್ತಿ ಒಂದು ಗಳಿಗೆ ಹಿಡಿದುಕೊಂಡಳು. ಸುಲಭವಿತ್ತು. ಬಕೆಟ್ಟಿಗೆ ಸುರಿದು ಮುಚ್ಚಿಟ್ಟರೆ ಕೆಲವು ವಾರಕ್ಕೆ ಬಾಟಲಿ, ಬಾಟಲಿ ಇಟ್ಟರೆ ಪಂದ್ಯ ಅವಳದು.

"ಬೇಡಮ್ಮ," ಎಂದಳು. "ಲಾಂಡ್ರಿಗೆ ಹೊಸದಾಗಿ ಬಂದೋರು ಕಲೆ ಬಿಡದೆ ಇದ್ರೆ ಮೇಲೆ ಬಿಳಿ ಪುಡಿ ತಿಕ್ಕಿ ಮಡಿಸಿ ಇಡ್ತಿದ್ರು. ಅಂಥೋರ ಕೈಗೆ ಹೊಡೆದವಳು ನಾನು. ಬೇರೆಯೋರು ಸಕ್ಕರೆ ಹಾಕ್ತಾರೇನೋ, ಹಾಕ್ಕೊಳ್ಳಲಿ. ಹಸಿ ಕಾಯಿಗೆ ಸಕ್ಕರೆ ಬಳಿದು ನಾನು ಬೆಳೆದೆ ಅಂತ ಇಟ್ರೆ, ಅವನಿಗೆ ಗೊತ್ತಾಗದೇ ಇರ್ಬೋದು. ನಂಗೊತ್ತಾಗುತ್ತೆ."

"ಹಾಗಾದ್ರೆ ಕಂಬ ಕಿತ್ತುಬಿಡ್ತಾರೆ ಅತ್ತೆ."

ಅಕ್ಕ ಸಕ್ಕರೆಯ ಮೂಟೆಯನ್ನು ಕಪಾಟಿಗೆ ಸೇರಿಸಿ ಬಸ್ಸಿಗೆ ಹೊರಟಳು. ಆ ಎರಡು ದಿನ ಹೋಟೆಲಿನಲ್ಲಿ ಹುಡುಗಿಯರಿಗೆ ಹೇಳಿಕೊಡುತ್ತಲೇ ಒಳಗೊಳಗೆ ಕುದಿಯುತ್ತಿದ್ದಳು. ಗಂಡನ ಮೇಲಲ್ಲ, ಆ ಸಿಟ್ಟು ಇಳಿದಿತ್ತು. ಮಗನ ಮೇಲೂ ಅಷ್ಟಾಗಿ ಅಲ್ಲ. ಅವಳ ಸಿಟ್ಟೆಲ್ಲ ಆ ದಿನ ಊಟದ ಮೇಜಿನಲ್ಲಿ ಬಾಟಲಿ ಇಡ್ತೀನಿ ಎಂದ ತನ್ನ ಬಾಯಿಯ ಮೇಲೆ. ಮಾಡಿಕೊಂಡ ಎಡವಟ್ಟು ಯಾವುದೆಂದು ಅವಳಿಗೆ ಈಗ ಹೊಳೆದಿತ್ತು.

ಶನಿವಾರದ ಊಟಕ್ಕೆ ಅವಳೇ ಅಡುಗೆ ಮಾಡಿದಳು. ಎಲ್ಲರಿಗೂ ಅನ್ನ ಬಡಿಸಿ, ಮೀನು ಬಡಿಸಿ, ತಾನೂ ಕೂತು, ಎರಡು ತುತ್ತು ತಿಂದ ಮೇಲೆ ಹೇಳಿದಳು.

"ನಾನು ಕೊಟ್ಟ ಮಾತು ವಾಪಸ್ ತಗೊಂಡಿದೀನಿ."

ಮಗ ತುತ್ತನ್ನು ತಟ್ಟೆಗೆ ಇಳಿಸಿದ. "ಅಂದ್ರೆ?"

"ಅಂದ್ರೆ ಕಂಬ ಕೀಳಿಸಲ್ಲ."

"ಅಮ್ಮ, ನೀನೇ ಹೇಳಿದ್ದು. ಎಲ್ಲರ ಮುಂದೆ ಹೇಳಿದ್ದು. ಕೊಟ್ಟ ಮಾತಿಗೆ ತಪ್ಪೋದಾ?"

"ಹೌದು, ತಪ್ತೀನಿ."

"ಚಿಕ್ಕಂದಿನಲ್ಲಿ ನನಗೆ ಏನು ಹೇಳಿಕೊಟ್ಟೆ ನೀನು? ಪ್ರಾಣ ಹೋದ್ರೂ ಮಾತು ಉಳಿಸ್ಕೋಬೇಕು ಅಂತ ಅಲ್ವಾ?"

"ಹೇಳಿಕೊಟ್ಟೆ. ಒಳ್ಳೆ ಮಾತೇ ಅದು. ಆದ್ರೆ ಆಡಬಾರದ ಮಾತು ಆಡಿಬಿಟ್ರೆ ಅದನ್ನೂ ಉಳಿಸ್ಕೊಂಡು ಸಾಯಬೇಕಾ?"

"ಯಾಕೆ ಆಡಬಾರದ ಮಾತು? ಸೋತೆ ಅಂತಾನಾ?"

"ಗೆದ್ದಿದ್ರೂ ಆಡಬಾರದ ಮಾತೇ." ಅಕ್ಕನ ದನಿ ಏರಿತು. ಏರಲಿ ಎಂದು ಬಿಟ್ಟಳು. "ಈ ಮನೇಲಿ ಇನ್ನು ಯಾವುದಕ್ಕೆ ಪರೀಕ್ಷೆ ಇಟ್ಟಿದೀವಿ ಹೇಳು. ನಿಮ್ಮಪ್ಪ ಮೂವತ್ತು ವರ್ಷದಿಂದ ಪುಸ್ತಕಕ್ಕೆ ಅಂಚೆಚೀಟಿ ಅಂಟಿಸ್ತಾರೆ. ಎರಡು ಕಪಾಟು ತುಂಬಿದೆ. ಅದು ಊಟಕ್ಕೆ ಬಂತಾ ಅಂತ ಯಾರಾದ್ರೂ ಕೇಳಿದೀವಾ? ನೀನು ಹದಿನಾರು ವರ್ಷದವನಿದ್ದಾಗ ಗಿಟಾರು ಬೇಕು ಅಂತ ಊಟ ಬಿಟ್ಟೆ. ತಂದ್ವಿ. ಇವತ್ತಿನವರೆಗೆ ಒಂದು ಹಾಡು ಹೊರಡ್ಲಿಲ್ಲ. ಅಟ್ಟದ ಮೇಲಿದೆ, ಯಾರಾದ್ರೂ ಒಲೆಗೆ ಹಾಕಿದ್ರಾ? ನನ್ನದೊಂದಕ್ಕೆ ಮಾತ್ರ ಗಡುವು. ನನ್ನದೊಂದಕ್ಕೆ ಮಾತ್ರ ಫಲ ತೋರಿಸು ಅಂತ. ಅದನ್ನ ನೀನು ಕೇಳಿದ್ದು ತಪ್ಪು. ನಾನು ಒಪ್ಪಿದ್ದು ಅದಕ್ಕಿಂತ ದೊಡ್ಡ ತಪ್ಪು."

"ನನ್ನ ಕಾರು ಹವ್ಯಾಸ ಅಲ್ಲ ಅಮ್ಮ."

"ಅಲ್ಲ. ಅದಕ್ಕೆ ಜಾಗ ಹುಡುಕೋಣ, ನಾನೂ ಬಂದು ಹುಡುಕ್ತೀನಿ. ಬೀದಿಯೋರನ್ನೆಲ್ಲ ಕೇಳ್ತೀನಿ. ಹಿತ್ತಲು ಮಾತ್ರ ಇಲ್ಲ."

"ಮಾತು ತಪ್ಪಿದೋರ ಬಾಯಿಗೆ ಹುಳ ಬೀಳುತ್ತೆ," ಎಂದಳು ಅಜ್ಜಿ.

"ಬೀಳ್ಲಿ ಅತ್ತೆ. ಬಳ್ಳಿಗೆ ಬೀಳದಿದ್ರೆ ಸಾಕು."

ಮಗ ಎದ್ದು ಕೈ ತೊಳೆದ. "ನಾಳೆ ಅವರು ಬರ್ತಾರೆ. ಹೇಳಿಯಾಗಿದೆ, ಕೂಲಿನೂ ಕೊಟ್ಟಾಗಿದೆ. ಅಪ್ಪ, ನೀನಾದ್ರೂ ಹೇಳು."

ಎಲ್ಲರೂ ಅಂಚೆಯಣ್ಣನ ಕಡೆ ನೋಡಿದರು. ಅವನು ಮೀನಿನ ಮುಳ್ಳು ಬಿಡಿಸುವುದರಲ್ಲಿ ಮುಳುಗಿದ್ದ. "ನಾಳೆ ಮಳೆ ಬರೋ ಹಾಗಿದೆ," ಎಂದ.

ಭಾನುವಾರ ಮಳೆ ಬರಲಿಲ್ಲ, ಕೂಲಿಯವರು ಬಂದರು. ಹಾರೆ, ಗುದ್ದಲಿ, ಸಲಿಕೆ ಹೊತ್ತ ಇಬ್ಬರು, ಒಬ್ಬ ಉದ್ದ, ಒಬ್ಬ ಗಿಡ್ಡ. ಮಗ ಅವರನ್ನು ಗೇಟಿನಲ್ಲೇ ನಿಲ್ಲಿಸಿ, "ಹಿತ್ತಲಲ್ಲಿ ಕೆಲಸ. ಅಮ್ಮ ಇರ್ತಾರೆ, ತೋರಿಸ್ತಾರೆ," ಎಂದಷ್ಟೇ ಹೇಳಿ ಕಾರು ಹತ್ತಿದ. ಭಾನುವಾರ ಕಲಿಯುವವರು ಹೆಚ್ಚು ಎಂಬುದು ನಿಜ. ಕಂಬ ಕೀಳುವಾಗ ತಾಯಿಯ ಮುಖ ನೋಡಲಾರೆ ಎಂಬುದೂ ನಿಜ. ಅದು ಅಕ್ಕನಿಗೆ ತಿಳಿಯಿತು. ತಿಳಿದೇ ಅವಳಿಗೆ ಧೈರ್ಯ ಇಮ್ಮಡಿಯಾಯಿತು.

ಹಿಂಬಾಗಿಲಲ್ಲಿ ನಿಂತು ಇಬ್ಬರಿಗೂ ಚಹ ಕೊಟ್ಟಳು. ಮೊಟ್ಟೆ, ಬ್ರೆಡ್ಡು ಕೊಟ್ಟಳು. ಉದ್ದನೆಯವನು ಚಹ ಮುಗಿಸಿ ಹಾರೆ ಎತ್ತಿಕೊಂಡು ಬಳ್ಳಿಯ ಸಾಲಿನ ಕಡೆ ನಡೆದ.

"ಅಲ್ಲಲ್ಲಪ್ಪ. ಈ ಕಡೆ," ಎಂದಳು ಅಕ್ಕ.

ಈ ಕಡೆ ಎಂದರೆ ಹಿತ್ತಲಿನ ಇನ್ನೊಂದು ಬದಿ. ಶೆಡ್ಡಿಗೆ ಸಾಲದಿದ್ದರೂ ಅದರ ದಾರಿಯಾಗಲಿ ಎಂದು ಮಗ ಮನಸ್ಸಿನಲ್ಲೇ ಗೆರೆ ಎಳೆದಿದ್ದ ಖಾಲಿ ಜಾಗ.

"ಇಲ್ಲಿ ಗೋಡೆ ಉದ್ದಕ್ಕೂ ಎಂಟು ಗುಂಡಿ. ಮೊಣಕಾಲು ಮುಳುಗೋಷ್ಟು ಆಳ, ಅಷ್ಟೇ ಅಗಲ. ಮೇಲಿನ ಮಣ್ಣು ಬಲಕ್ಕೆ, ಕೆಳಗಿನ ಮಣ್ಣು ಎಡಕ್ಕೆ."

"ಏನೋ ಕೀಳೋ ಕೆಲಸ ಅಂದಿದ್ರಲ್ಲ ಅಮ್ಮ?"

"ತೋಡೋ ಕೆಲಸ. ತೋರಿಸೋಳು ಅಮ್ಮ ಅಂತ ಮಗ ಹೇಳಿದ್ನೋ ಇಲ್ವೋ?"

"ಹೇಳಿದ್ರು."

"ತೋರಿಸ್ತಾ ಇದೀನಿ."

ಗಿಡ್ಡನೆಯವನಿಗೆ ವಿಷಯ ಅರ್ಧ ಅರ್ಥವಾಗಿರಬೇಕು. ಮೀಸೆಯಲ್ಲೇ ನಕ್ಕು ಮೊದಲ ಗುದ್ದಲಿ ಹಾಕಿದ. ಮೂರನೆಯ ಗುಂಡಿಯ ಹೊತ್ತಿಗೆ ಅಂಚೆಯಣ್ಣ ಬಾಗಿಲಿಗೆ ಬಂದ. ನಾಲ್ಕನೆಯದರ ಹೊತ್ತಿಗೆ ಚಪ್ಪಲಿ ಬಿಟ್ಟ. ಐದನೆಯದಕ್ಕೆ ಯಾರನ್ನೂ ಕೇಳದೆ ಸಲಿಕೆ ತೆಗೆದುಕೊಂಡು ಇಳಿದ.

"ಸೊಂಟ ಹಿಡಿಯುತ್ತೆ, ಬಿಡಿ," ಎಂದಳು ಅಕ್ಕ.

"ಹಂಚಿದವನು ನಾನು. ನಾನೇ ತೋಡ್ಬೇಕು," ಎಂದ ಅವನು. ಮೂವತ್ತೈದು ವರ್ಷದಲ್ಲಿ ಅವನು ಯಾವುದಾದರೂ ಒಂದು ಕಡೆಗೆ ನಿಂತದ್ದನ್ನು ಅಕ್ಕ ನೋಡಿದ್ದು ಅದೇ ಮೊದಲು. ಅದೂ ಗುಂಡಿಯೊಳಗೆ ನಿಂತು.

ಮಧ್ಯಾಹ್ನ ಮಗ ಬಂದ. ಶೆಡ್ಡಿನ ಅಳತೆ ತೆಗೆಯಲು ಹೊಸ ಟೇಪು ತಂದಿದ್ದ. ಪಕ್ಕದ ದಾರಿಯಿಂದ ಹಿತ್ತಲಿಗೆ ಬಂದವನು ಗುಂಡಿಗಳನ್ನು ಕಂಡು ಅಲ್ಲೇ ನಿಂತ. ಕಂಬಗಳೆಲ್ಲ ಇದ್ದ ಹಾಗೇ ಇದ್ದವು.

"ಅಮ್ಮ, ಇದೇನಿದು?"

"ಗುಂಡಿ."

"ಗುಂಡಿ ಅಂತ ಕಾಣುತ್ತೆ! ಯಾಕೆ?"

"ಇನ್ನೆಂಟು ಬಳ್ಳಿಗೆ. ಸಸಿ ನೆಡೋದು ಚಳಿ ಕಳೆದ ಮೇಲೆ. ಅಲ್ಲೀವರೆಗೆ ಮಣ್ಣು ಗಾಳಿ ಬಿಸಿಲು ಕಾಣ್ಲಿ."

"ನಾನು ಕೂಲಿ ಕೊಟ್ಟಿದ್ದು ಕಂಬ ಕೀಳೋಕೆ."

"ಹಾಗಂತ ಇವತ್ತು ಗೇಟಲ್ಲಿ ಅವರಿಗೆ ಹೇಳೋಕೆ ನಿನಗೇ ಬಾಯಿ ಬರ್ಲಿಲ್ಲ."

ಮಗ ತಂದೆಯ ಕಡೆ ತಿರುಗಿದ. ಅಂಚೆಯಣ್ಣ ಬೆವರು ಒರೆಸಿಕೊಂಡು, "ನನ್ನ ಹೆಸರಲ್ಲಿರೋ ಮನೆ. ಅವಳು ಹೇಳಿದ್ದೇ ಸರಿ," ಎಂದು ಒಂದೇ ಉಸಿರಿಗೆ ಹೇಳಿ ಮತ್ತೆ ಬಗ್ಗಿದ.

"ಮುಂದಿನ ವರ್ಷನೂ ಹಣ್ಣು ಬರ್ಲಿಲ್ಲ ಅಂದ್ರೆ?" ಮಗ ತಾಯಿಯನ್ನೇ ನೋಡುತ್ತ ಕೇಳಿದ.

"ಬರದೇ ಇರ್ಲಿ."

"ಅದರ ಮುಂದಿನ ವರ್ಷ?"

"ಅದನ್ನ ನಿನಗೆ ಹೇಳಲ್ಲ. ನಾನಿನ್ನು ಯಾರಿಗೂ ಲೆಕ್ಕ ಒಪ್ಪಿಸಲ್ಲ. ಬಂದ್ರೆ ನಿನಗೂ ಒಂದು ಲೋಟ ಕೊಡ್ತೀನಿ. ಬರದಿದ್ರೆ ಎಲೆ ನೋಡ್ಕೊಂಡು ಕೂತಿರ್ತೀನಿ. ಎರಡೂ ನನ್ನಿಷ್ಟ. ಕೊಡಿಲ್ಲಿ ಆ ಟೇಪು. ಗುಂಡಿಗೂ ಗುಂಡಿಗೂ ಒಂದೂವರೆ ಮೀಟರು ಇದೆಯಾ ನೋಡ್ಬೇಕು."

ಮಗ ಕೊಡಲಿಲ್ಲ. ಹಿಂಬಾಗಿಲಿನಿಂದ ಸೊಸೆ ಇಳಿದು ಬಂದು ಗಂಡನ ಕೈಯಿಂದ ಟೇಪು ತೆಗೆದುಕೊಂಡಳು. ಒಂದು ತುದಿಯನ್ನು ಅತ್ತೆಗೆ ಕೊಟ್ಟು, ಇನ್ನೊಂದನ್ನು ಹಿಡಿದು ಗೋಡೆಯುದ್ದಕ್ಕೂ ನಡೆದಳು. ಆರು ಗುಂಡಿ ಸರಿಯಾಗಿದ್ದವು.

"ಏಳನೇದು ಒಂದು ಗೇಣು ಹತ್ರ ಆಯ್ತಲ್ಲ," ಎಂದಳು ಅಕ್ಕ. "ಮುಚ್ಚಿ ಬೇರೆ ತೋಡಿ."

ಗಿಡ್ಡನೆಯವನು ಸಂಕೋಚದಿಂದ ನೋಡಿದ. "ಅಮ್ಮ, ಆ ಕಡೆ ತೋಡೋಣ ಅಂದ್ರೆ ಅಲ್ಲಿ ಇವರು ನಿಂತಿದಾರೆ."

ಅಕ್ಕ ಮಗನ ಕಡೆ ನೋಡಿದಳು. ಕಣ್ಣು ತೆಗೆಯಲಿಲ್ಲ. ಕೂಲಿಯವನು ಗುದ್ದಲಿ ಎತ್ತಿ ಹಿಡಿದು ಕಾಯುತ್ತಿದ್ದ. ಮಗ ಅಲ್ಲೇ ನಿಂತ. ಸ್ವಲ್ಪ ಹೊತ್ತು ನಿಂತ. ಆಮೇಲೆ ಪಕ್ಕಕ್ಕೆ ಸರಿದ.